ಹದಿನೈದು ಮಳೆಗಾಲದ ಡಿಸ್ಕು

ನಮ್ಮ ಕರಾವಳಿಯಲ್ಲಿ ಲೋಹಕ್ಕೆ ಆಯುಷ್ಯ ಕಡಿಮೆ. ಹೊಸ ಕೊಡೆಯ ಕಡ್ಡಿ ಒಂದೇ ಮಳೆಗಾಲಕ್ಕೆ ಕೆಂಪಾಗುತ್ತದೆ. ಗೇಟಿನ ಚಿಲಕ ಮೂರನೆಯ ವರ್ಷಕ್ಕೆ ಕೈಗೇ ಬರುತ್ತದೆ. ಉಪ್ಪುಗಾಳಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಇಂಥ ಊರಿನಲ್ಲಿದ್ದುಕೊಂಡು ಹಳೆಯ ಕಂಪ್ಯೂಟರುಗಳ ಬಿಡಿಭಾಗ ಕೂಡಿಹಾಕಿ, ಅವನ್ನು ಬದುಕಿಸುವುದನ್ನೇ ಹವ್ಯಾಸ ಮಾಡಿಕೊಂಡವನಿಗೆ ಏನನ್ನಬೇಕು? ನಾನಂತೂ ಬಹಳ ವರ್ಷ ಹುಚ್ಚ ಎಂದೇ ಅಂದುಕೊಂಡಿದ್ದೆ. ಬಾಯಿಬಿಟ್ಟು ಹೇಳಿದ್ದೂ ಉಂಟು.

ಅವನ ಹೆಸರು ಪಾಂಡು. ಸರ್ಕಾರಿ ಬಸ್ಸಿನ ಕಂಡಕ್ಟರ್. ಕುಮಟಾದಿಂದ ಭಟ್ಕಳ, ಭಟ್ಕಳದಿಂದ ಕುಮಟಾ, ಇಪ್ಪತ್ತು ವರ್ಷದಿಂದ ಅದೇ ದಾರಿ. ಮನೆ ನಡುವೆ ಹೊನ್ನಾವರದಲ್ಲಿ, ಬಂದರಿಗೆ ಇಳಿಯುವ ರಸ್ತೆಯ ಬದಿಗೆ. ನಾನು ಭಟ್ಕಳದ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರನಾಗಿದ್ದೆ, ಮನೆ ಕುಮಟಾದಲ್ಲಿ. ಹಾಗಾಗಿ ನಿವೃತ್ತನಾಗುವವರೆಗೂ ದಿನಕ್ಕೆ ಎರಡು ಸಲ ಅವನ ಮುಖ ನೋಡುವ ಯೋಗ ನನ್ನದಾಗಿತ್ತು. ಸಣಕಲು ದೇಹ, ಕಿವಿಯ ಮೇಲೆ ಪೆನ್ನು, ಚಿಲ್ಲರೆ ಕೇಳಿದರೆ ಸಿಡುಕದ ಅಪರೂಪದ ಕಂಡಕ್ಟರ್.

ಭಟ್ಕಳದಲ್ಲಿ ಮನೆಗೊಬ್ಬರು ದುಬೈಯಲ್ಲೋ ಸೌದಿಯಲ್ಲೋ ಇರುತ್ತಾರೆ. ಅವರು ರಜೆಗೆ ಬಂದಾಗ ಹೊಸ ಕಂಪ್ಯೂಟರ್ ಬರುತ್ತದೆ, ಹಳೆಯದು ಗುಜರಿಗೆ ಹೋಗುತ್ತದೆ. ಬಸ್ಸು ತಿರುಗುವ ಮೊದಲು ಸಿಗುವ ಇಪ್ಪತ್ತು ನಿಮಿಷದಲ್ಲಿ ಪಾಂಡು ಚಹಾ ಬಿಟ್ಟು ಗುಜರಿ ಅಂಗಡಿಗೆ ಓಡುತ್ತಿದ್ದ. ಬರುವಾಗ ಟವೆಲ್ಲಿನಲ್ಲಿ ಸುತ್ತಿದ ಏನೋ ಒಂದು ಕಂಕುಳಲ್ಲಿರುತ್ತಿತ್ತು. ಅದನ್ನು ಕಂಡಕ್ಟರ್ ಸೀಟಿನ ಮೇಲೆ ಮಲಗಿಸಿ ತಾನು ಕುಮಟಾದವರೆಗೆ ನಿಂತೇ ಬರುತ್ತಿದ್ದ.

"ಅದಕ್ಕೆ ಟಿಕೆಟ್ ಹರಿದ್ಯಾ?" ಎಂದು ನಾನು ಕೆಣಕಿದರೆ, "ಹಾಫ್ ಟಿಕೆಟ್, ಮಾಸ್ತರ್ರೆ. ಇನ್ನೂ ನಾಲ್ಕೇ ಮಳೆಗಾಲ ಕಂಡದ್ದು" ಎನ್ನುತ್ತಿದ್ದ.

ಅದು ತಮಾಷೆಯಲ್ಲ, ಅವನ ಲೆಕ್ಕಾಚಾರವೇ ಹಾಗೆ ಎಂದು ತಿಳಿದದ್ದು ಅವನ ಮನೆಗೆ ಮೊದಲ ಸಲ ಹೋದಾಗ. ಎದುರಿನ ಕೋಣೆಯ ಗೋಡೆಯುದ್ದಕ್ಕೂ ಮರದ ಹಲಗೆಗಳು, ಅದರ ತುಂಬ ಬಿಡಿಭಾಗಗಳು. ಒಂದೊಂದರ ಮೇಲೂ ಬಿಳಿ ಬಣ್ಣದ ಚುಕ್ಕೆಗಳು. ಕಂಪನಿಯವರು ಎಷ್ಟು ವರ್ಷದ ಗ್ಯಾರಂಟಿ ಕೊಟ್ಟಿದ್ದಾರೆ ಎಂಬುದಕ್ಕೆ ಪಾಂಡುವಿನ ಮನೆಯಲ್ಲಿ ಬೆಲೆಯಿಲ್ಲ. ಅವರು ಗ್ಯಾರಂಟಿ ಬರೆಯುವ ಊರಿನಲ್ಲಿ ನಮ್ಮ ಜೂನ್ ತಿಂಗಳಿಲ್ಲ. ಮಳೆಗಾಲವಿಡೀ ಭಾಗಗಳನ್ನು ಹಾಗೆಯೇ ಬಿಡುತ್ತಾನೆ. ದೀಪಾವಳಿಗೆ ಮೊದಲಿನ ಭಾನುವಾರ ಒಂದೊಂದನ್ನೂ ಜೋಡಿಸಿ ಕರೆಂಟು ಕೊಟ್ಟು ನೋಡುತ್ತಾನೆ. ಓಡಿದರೆ ಒಂದು ಚುಕ್ಕೆ, ಇಲ್ಲವಾದರೆ ಗುಜರಿ.

"ಹೆಸರು ನೋಡಿ ನಂಬಬೇಡಿ, ಮಾಸ್ತರ್ರೆ. ಚುಕ್ಕೆ ನೋಡಿ ನಂಬಿ," ಎಂದು ಅವನು ಅಂದು ನನಗೆ ಪಾಠ ಮಾಡಿದ. ಮೊದಲು ಸಾಯುವುದು ಫ್ಯಾನು. ಆಮೇಲೆ ಕರೆಂಟು ಹಂಚುವ ಪೆಟ್ಟಿಗೆ, ಅದಕ್ಕೆ ಅರ್ಧ ಸಲ ಕಾರಣ ಒಳಹೊಕ್ಕ ಹಲ್ಲಿ. ಬೋರ್ಡಿನ ಮೇಲಿನ ಸಣ್ಣ ಡಬ್ಬಿಗಳು ಉಬ್ಬಿದವೆಂದರೆ ಆಸೆ ಬಿಡಬೇಕು. ಮೇ ತಿಂಗಳ ಸಿಡಿಲು ಟೆಲಿಫೋನ್ ತಂತಿಯಲ್ಲಿ ಒಳಗೆ ಬಂದು ಮೋಡೆಮ್ಮನ್ನು ಸುಟ್ಟುಹೋಗುತ್ತಿತ್ತು, ಈಗ ಆ ತಂತಿಯೂ ಇಲ್ಲ. "ರ್‍ಯಾಮ್ ಮಾತ್ರ ಸಾಯೂದಿಲ್ಲ. ಮುನಿಸ್ಕೊಳ್ತದೆ. ರಬ್ಬರಿನಲ್ಲಿ ಕಾಲು ಉಜ್ಜಿದ್ರೆ ಸರಿಯಾಗ್ತದೆ." ಚಹಾ ತಂದ ಅವನ ಹೆಂಡತಿ ಪವಿತ್ರಾ, "ನಾ ಈ ಮನೆಗೆ ಬಂದು ಹನ್ನೆರಡು ಮಳೆಗಾಲ ಆತು. ನಂಗೊಂದು ಚುಕ್ಕೆ ಇಟ್ಟದ್ದಿಲ್ಲ ಇವ್ರು" ಎಂದಳು. ನಾನು ನಕ್ಕೆ. ಆದರೂ ಆ ಹಲಗೆಗಳ ಮುಂದೆ ನಿಂತಾಗ ನನ್ನ ನಾಲಗೆ ಸ್ವಲ್ಪ ತಣ್ಣಗಾಗಿತ್ತೆಂದು ಒಪ್ಪಿಕೊಳ್ಳಬೇಕು. ಇಷ್ಟು ಶ್ರದ್ಧೆಯಿಂದ ನಾನು ಮಕ್ಕಳ ಉತ್ತರ ಪತ್ರಿಕೆಯನ್ನೂ ನೋಡಿದವನಲ್ಲ.

ಎರಡು ಸಾವಿರದ ಒಂಬತ್ತರ ಚಳಿಗಾಲದಲ್ಲಿ ಪಾಂಡು ನನಗೂ ಒಂದು ಕಂಪ್ಯೂಟರ್ ಕಟ್ಟಿಕೊಟ್ಟ. ಭಟ್ಕಳದ ಗುಜರಿಯಲ್ಲಿ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿದ ಅವಳಿ ಹಾರ್ಡ್ ಡಿಸ್ಕುಗಳಲ್ಲಿ ಒಂದನ್ನು ನನ್ನದಕ್ಕೆ ಹಾಕಿ, ಇನ್ನೊಂದನ್ನು ತನ್ನದಕ್ಕೆ ಹಾಕಿಕೊಂಡ. ನನಗೆ ಕಂಪ್ಯೂಟರ್ ಬೇಕಾದದ್ದು ಸುಬ್ಬಕ್ಕನಿಂದಾಗಿ.

ಸುಬ್ಬಕ್ಕ ಕರ್ಕಿಯ ಕಡೆಯ ಹಾಲಕ್ಕಿ ಒಕ್ಕಲಿಗರ ಹೆಂಗಸು. ಹರಿವೆ, ಬಸಳೆ, ಮೊಗೆಕಾಯಿ ಬೆಳೆದು ಹೊನ್ನಾವರಕ್ಕೆ ಮಾರಲು ತರುತ್ತಿದ್ದಳು. ಬೆಳಗಿನ ನಮ್ಮ ಬಸ್ಸಿಗೇ ಅವಳ ಬುಟ್ಟಿ ಏರುತ್ತಿತ್ತು. ಕಿಟಕಿಯ ಬದಿಗೆ ಕೂತು ತನ್ನಷ್ಟಕ್ಕೆ ಗುನುಗುತ್ತಿದ್ದಳು. ಒಂದು ದಿನ ಕಿವಿಗೊಟ್ಟೆ, ಮರುದಿನ ಪಕ್ಕದಲ್ಲೇ ಕೂತೆ. ತಿಂಗಳೊಳಗೆ ಟೇಪು ಹಿಡಿದು ಅವಳ ಅಂಗಳಕ್ಕೇ ಹೋದೆ. ಗದ್ದೆ ನೆಡುವಾಗಿನ ನೆಟ್ಟಿಯ ಹಾಡು, ಮದುಮಗಳಿಗೆ ಎಣ್ಣೆ ಹಚ್ಚುವ ಹಾಡು, ಬೀಸುವ ಹಾಡು, ಒಟ್ಟು ನಲವತ್ತೆರಡು. ಎಂಥ ಕಂಠ ಅಂತೀರಿ!

ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಬೂಷ್ಟು ಹಿಡಿದ ಟೇಪುಗಳನ್ನು ಎಸೆದ ದಿನ ಸುಬ್ಬಕ್ಕ ಬಸ್ಸಿನಲ್ಲಿ ಕೇಳಿದಳು, "ಅದ್ರೊಳಗೆ ಹಾಕ್ರೆ ಇರ್ತದ್ಯಾ ಮಾಸ್ತರ್ರೆ?"

"ನಾನು ಸತ್ತರೂ ಇರ್ತದೆ," ಎಂದೆ ನಾನು. ಮಾಸ್ತರಿಕೆಯ ಗತ್ತು ನೋಡಿ. ಕೇಳುವವರಿದ್ದರೆ ಚಂದ್ರನಿಗೂ ಜಾಮೀನು ನಿಲ್ಲುವ ಜಾತಿ ನಮ್ಮದು.

ಎರಡು ಸಾವಿರದ ಹದಿನಾರರಲ್ಲಿ ಮಗಳು ನನಗೆ ಹೊಸ ಲ್ಯಾಪ್‌ಟಾಪ್ ಕೊಡಿಸಿದಳು. ಪಾಂಡು ಹಳೆಯ ಯಂತ್ರ ಬಿಚ್ಚಿ ಡಿಸ್ಕನ್ನು ನನ್ನ ಕೈಗಿಟ್ಟು, "ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿ. ಒಂದೇ ಕಡೆ ಇದ್ದದ್ದು ಇಲ್ಲದ್ದಕ್ಕೆ ಸಮ" ಎಂದ. ನಾಳೆ ಮಾಡಿದರಾಯಿತು ಅಂದುಕೊಂಡೆ. ಪಸೆ ತಾಗಬಾರದು ಎಂಬುದೊಂದು ಮಾತ್ರ ತಲೆಯಲ್ಲಿತ್ತು. ನಮ್ಮ ಮನೆಯಲ್ಲಿ ಎಂಥ ಮಳೆಗೂ ಪಸೆ ತಾಗದ ಜಾಗ ಒಂದೇ: ಬಚ್ಚಲೊಲೆಯ ಮೇಲಿನ ಅಟ್ಟ. ಬೀಜದ ಸವತೆ, ಹಪ್ಪಳ ಎಲ್ಲ ಅಲ್ಲೇ ಇರುವುದು. ಅಲ್ಲಿ ಸಾರು ಶರಬತ್ತಿಗೆಂದು ಒಣಗಿಸಿದ ಮುರುಗಲು ಸಿಪ್ಪೆ ಇಡುವ ಗಟ್ಟಿ ಮುಚ್ಚಳದ ತಗಡಿನ ಡಬ್ಬಿಯಿತ್ತು. ಸಿಪ್ಪೆ ವರ್ಷಗಟ್ಟಲೆ ಹಾಳಾಗುವುದಿಲ್ಲ, ಡಿಸ್ಕು ಹಾಳಾದೀತೇ ಎಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಅದರೊಳಗೆ ತುರುಕಿದೆ. ಮುರುಗಲು ಸಿಪ್ಪೆ ಕೆಡದಿರುವುದು ಅದಕ್ಕೆ ಹಚ್ಚಿದ ಉಪ್ಪಿನಿಂದ. ಸಾಲದ್ದಕ್ಕೆ ಅದರದೇ ಹುಳಿ. ಎಂ.ಎ. ಓದಿದ ನನ್ನ ತಲೆಗೆ ಅದು ಹೊಳೆಯಲಿಲ್ಲ. ಎಂಟು ವರ್ಷ ಸುಬ್ಬಕ್ಕನ ಹಾಡುಗಳು ಉಪ್ಪು ಹುಳಿಯೊಳಗೆ ಮಲಗಿದವು.

ಎರಡು ಸಾವಿರದ ಇಪ್ಪತ್ನಾಲ್ಕರ ದೀಪಾವಳಿ ಕಳೆದ ಮೇಲೆ ಒಂದು ದಿನ ಸುಬ್ಬಕ್ಕನ ಮೊಮ್ಮಗಳು ಅಂಕಿತಾ ನನ್ನ ಮನೆಗೆ ಬಂದಳು. ಕುಮಟಾದ ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ಅಜ್ಜಿಯ ಗಂಟಲಿಗೆ ಆಪರೇಷನ್ ಆಗಿ ಆರು ತಿಂಗಳಾಯಿತೆಂದೂ, ಜೀವಕ್ಕೆ ತೊಂದರೆಯಿಲ್ಲ ಆದರೆ ಸ್ವರ ಹೋಯಿತೆಂದೂ ಹೇಳಿದಳು. ಈಗ ಬರುವುದು ಬರೀ ಉಸಿರಿನ ಪಿಸುಮಾತು.

"ಇಷ್ಟು ವರ್ಷ ನಾ ಕಲೀಲಿಲ್ಲ ಮಾಸ್ತರ್ರೆ, ಅಜ್ಜಿ ಇತ್ತಲ್ಲ ಅಂತ. ಈಗ ಕಲೀಬೇಕು. ಅಜ್ಜಿಯನ್ನ ಕೇಳ್ರೆ, ಹೆದ್ರಬೇಡ, ಎಲ್ಲಾ ಮಾಸ್ತರ್ರ ಹತ್ರ ಅದೆ ಅಂತದೆ."

ಅಟ್ಟ ಹತ್ತಿ ಡಬ್ಬಿ ತೆರೆದೆ. ಒಡೆದ ಪ್ಲಾಸ್ಟಿಕ್ಕಿನೊಳಗೆ ಸಿಪ್ಪೆ ಬಿಟ್ಟ ಕಪ್ಪು ನೀರು. ಡಿಸ್ಕಿನ ಅಡಿಯ ಹಸಿರು ಹಲಗೆಗೆ ಕಿಲುಬು ಹಿಡಿದು, ತಂತಿಯ ಗೆರೆಗಳೇ ಕಾಣುತ್ತಿರಲಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗನ ಮುಖ ಹೊತ್ತುಕೊಂಡು ಹೊನ್ನಾವರದ ಬಸ್ಸು ಹತ್ತಿದೆ.

ಪಾಂಡು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಿಸ್ಕನ್ನು ಮೂಗಿನ ಹತ್ತಿರ ಹಿಡಿದು ಮೂಸಿ, "ಮುರುಗಲಾ?" ಎಂದ. ಹೌದೆಂದೆ. ಬಹಳ ಹೊತ್ತು ದೀಪದ ಕೆಳಗೆ ತಿರುಗಿಸಿ ನೋಡಿದ.

"ಹಾಡು ಇರೂದು ಒಳಗಿನ ತಟ್ಟೆ ಮೇಲೆ. ಅದು ಮುಚ್ಚಿದ ಡಬ್ಬಿ, ಉಳ್ದಿರಬಹುದು. ಸತ್ತದ್ದು ಈ ಹೊರಗಿನ ಹಲಗೆ. ಇದೇ ಜಾತಿಯ ಇನ್ನೊಂದು ಹಲಗೆ ಬೇಕು. ಅಷ್ಟೇ ಅಲ್ಲ, ಪ್ರತಿ ಡಿಸ್ಕಿಗೂ ಅದರದೇ ಜಾತಕ ಇರ್ತದೆ, ಈ ಎಂಟು ಕಾಲಿನ ಚಿಪ್ಪಿನಲ್ಲಿ. ಇದನ್ನ ಕಿತ್ತು ಆ ಹಲಗೆಗೆ ಕೂರಿಸಬೇಕು."

"ಅಂಥ ಹಲಗೆ ಎಲ್ಲಿ ಸಿಗ್ತದೆ?" ಎಂದೆ.

ಅವನು ತನ್ನ ಮೇಜಿನ ಕಡೆ ನೋಡಿದ. ಆಗ ನೆನಪಾಯಿತು. ಒಂದೇ ಪೆಟ್ಟಿಗೆಯ ಅವಳಿಗಳಲ್ಲಿ ಇನ್ನೊಂದು ಅವನ ಯಂತ್ರದಲ್ಲಿ ಇನ್ನೂ ಓಡುತ್ತಿತ್ತು. ಹದಿನೈದು ಮಳೆಗಾಲ, ಹದಿನೈದು ಚುಕ್ಕೆ. ಗೋಡೆಯ ಮರದ ಹಲಗೆಗಳ ಮೇಲಿನ ಯಾವ ಭಾಗಕ್ಕೂ ಅಷ್ಟು ಚುಕ್ಕೆಯಿರಲಿಲ್ಲ. ಮನೆಗೆ ಯಾರು ಬಂದರೂ ಅವನು ಮೊದಲು ತೋರಿಸುತ್ತಿದ್ದದ್ದು ಅದನ್ನೇ. ನನ್ನ ಡಿಸ್ಕಿನ ಮೋಟಾರು ಕೆಟ್ಟಿದ್ದರೆ ಅದು ಎರವಲು ಹಲಗೆಯನ್ನೂ ಸುಡಬಹುದು ಎಂದು ಅವನೇ ಹೇಳಿದ. ಹೇಳಿ, "ಭಾನುವಾರ ಮಧ್ಯಾಹ್ನ ಸುಬ್ಬಕ್ಕನನ್ನ ಕರ್ಕೊಂಡು ಬನ್ನಿ. ಹಾಡಿನವರು ಎದುರಿಗೆ ಇರಬೇಕು" ಎಂದು ಮಾತು ಮುಗಿಸಿದ.

ಭಾನುವಾರ ಊಟದ ಹೊತ್ತು ಕಳೆದ ಮೇಲೆ ನಾನು, ಸುಬ್ಬಕ್ಕ, ಅಂಕಿತಾ ಮೂವರೂ ಪಾಂಡುವಿನ ಕೋಣೆಯಲ್ಲಿ ಕೂತಿದ್ದೆವು. ಸುಬ್ಬಕ್ಕ ಬಡವಾಗಿದ್ದಳು, ಕೊರಳಿನ ಕರಿಮಣಿ ಸರಗಳ ನಡುವೆ ಗಾಯದ ಕಲೆ ಕಾಣುತ್ತಿತ್ತು. ಮುರುಗಲು ಡಬ್ಬಿಯ ಕತೆಯನ್ನು ನಾನೇ ಹೇಳಿ ತಪ್ಪೊಪ್ಪಿಕೊಂಡೆ. ಅವಳು ಅಂಕಿತಾಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

"ಸಿಪ್ಪೆ ಹಾಳಾಗ್ಲಿಲ್ಲ ಅಲ್ಲಾ ಅಂತ ಕೇಳ್ತದೆ ಅಜ್ಜಿ," ಎಂದಳು ಅಂಕಿತಾ. ಸುಬ್ಬಕ್ಕನ ಭುಜಗಳು ಸದ್ದಿಲ್ಲದ ನಗುವಿಗೆ ಕುಲುಕುತ್ತಿದ್ದವು. ನನಗೆ ಅಳು ಬಂತು.

ಪಾಂಡು ತನ್ನ ಡಿಸ್ಕನ್ನು ಹೊರತೆಗೆದು ಅದರ ಹಲಗೆ ಬಿಚ್ಚಿದ. ಎರಡೂ ಹಲಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ಬೆಸುಗೆ ಕಡ್ಡಿ ಕಾಯಿಸಿದ. ಅಕ್ಕಿಕಾಳಿಗಿಂತ ತುಸುವೇ ದೊಡ್ಡ ಚಿಪ್ಪು, ಅದಕ್ಕೆ ಎಂಟು ಕಾಲು. ಸಾವಿರಾರು ಟಿಕೆಟ್ ಹರಿದ ಆ ಬೆರಳುಗಳು ಒಂದೊಂದು ಕಾಲನ್ನೂ ಕಾಯಿಸಿ, ಎತ್ತಿ, ಅವಳಿಯ ಹಲಗೆಯ ಮೇಲೆ ಕೂರಿಸಿದ್ದನ್ನು ನಾನು ನೋಡಿದೆ. ಅರ್ಧ ಗಂಟೆ ಅವನ ಕೈ ಒಮ್ಮೆಯೂ ನಡುಗಲಿಲ್ಲ. ನಾನು ಹುಚ್ಚ ಎಂದದ್ದು ಇವನನ್ನು! ನಾಚಿಕೆಯಾಯಿತು ನನಗೆ. ಕೊನೆಗೆ ಹದಿನೈದು ಚುಕ್ಕೆಯ ಹಲಗೆಯನ್ನು ನನ್ನ ಡಿಸ್ಕಿನ ಬೆನ್ನಿಗೆ ತಿರುಪು ಹಾಕಿ ಕೂರಿಸಿ, ಕರೆಂಟು ಕೊಟ್ಟ.

ಮೊದಲು ಏನೂ ಇಲ್ಲ. ಆಮೇಲೆ ಒಂದು ಸಣ್ಣ ಟಿಕ್. ಆಮೇಲೆ, ಎಂಟು ವರ್ಷ ಸುಮ್ಮನಿದ್ದ ಆ ಡಿಸ್ಕು ಒಳಗಿನಿಂದ ಗುಂಯ್ ಎಂದು ತಿರುಗತೊಡಗಿತು. ಪಾಂಡು ಅದರ ಮೇಲೆ ಎರಡು ಬೆರಳಿಟ್ಟು, ವೈದ್ಯರು ನಾಡಿ ಹಿಡಿದ ಹಾಗೆ ಕಣ್ಣುಮುಚ್ಚಿ ಕೇಳಿದ.

"ತಿರುಗ್ತಾ ಅದೆ. ಆದ್ರೆ ಒಳಗೆ ಕೊರೆಯೋ ಸದ್ದು ಅದೆ. ಎಷ್ಟು ಹೊತ್ತು ಅಂತ ಹೇಳುಕೆ ಬರೂದಿಲ್ಲ. ಎಲ್ಲಾ ಒಟ್ಟಿಗೆ ಎಳೆದ್ರೆ ಸಾಯ್ತದೆ. ಒಂದೊಂದೇ ಹಾಡು ತೆಗೀಬೇಕು. ಯಾವುದು ಮೊದಲು?"

ನಾನು ತಡಮಾಡಲಿಲ್ಲ. "ಎಣ್ಣೆ ಹಚ್ಚುವ ಹಾಡು. ಅದು ಎಲ್ಲಕ್ಕಿಂತ ಉದ್ದದ್ದು, ಅದರ ಮೇಲೆ ನಾನು ಲೇಖನ ಬರೆದಿದ್ದೇನೆ," ಎಂದೆ. ಸುಬ್ಬಕ್ಕ ತಲೆ ಅಲ್ಲಾಡಿಸಿದಳು. ಹಾಡುಗಳ ಮೊದಲ ಸಾಲು ಬರೆದಿಟ್ಟಿದ್ದ ನನ್ನ ಹಳೆಯ ಪಟ್ಟಿಯನ್ನು ಅಂಕಿತಾ ಓದುತ್ತ ಹೋದಳು, ಅಜ್ಜಿ ಒಂದು ಕಡೆ ಕೈ ಎತ್ತಿ ತಡೆದಳು. ಒಂದು ಬೀಸುವ ಹಾಡು. ನನಗೆ ಅದು ಅಷ್ಟೇನೂ ಹಿಡಿಸದ ಹಾಡು, ನಾಲ್ಕೇ ನಿಮಿಷದ್ದು. ಪಾಂಡು ಅದನ್ನೇ ತೆಗೆದ. ಆರೋಗ್ಯವಿದ್ದ ಡಿಸ್ಕಿಗೆ ಅದು ಕ್ಷಣದ ಕೆಲಸ. ಇದಕ್ಕೆ ಎರಡು ನಿಮಿಷ ಬೇಕಾಯಿತು. ಸರಿಯಾಗಿ ಬಂದಿದೆಯೇ ಎಂದು ಒತ್ತಿ ನೋಡಿದಾಗ ಹದಿನೈದು ವರ್ಷದ ಹಿಂದಿನ ಸುಬ್ಬಕ್ಕ ಕೋಣೆ ತುಂಬ ಹಾಡಿದಳು. ಪವಿತ್ರಾ ಅಡುಗೆಮನೆಯಿಂದ ಓಡಿಬಂದು ಬಾಗಿಲಲ್ಲೇ ನಿಂತಳು. ನಾವೆಲ್ಲ ಸುಬ್ಬಕ್ಕನ ಮುಖ ನೋಡುತ್ತಿದ್ದರೆ, ಆಕೆ ಎರಡು ಸಾಲು ಕೇಳಿ, ಸಾಕು, ಮುಂದಿನದು ಎಂದು ಕೈಸನ್ನೆ ಮಾಡಿದಳು.

ಎರಡನೆಯದಕ್ಕೂ ನಾನು ಎಣ್ಣೆ ಹಾಡಿನ ಹೆಸರು ಎತ್ತಿದೆ. ಅಜ್ಜಿಯ ಪಿಸುಮಾತನ್ನು ಅಂಕಿತಾ ಹೇಳಿದಳು, "ಅದು ಲಕ್ಕಿ ಹತ್ರ ಅದೆ ಅಂತೆ." ಮೂರನೆಯದಕ್ಕೆ ನೆಟ್ಟಿಯ ಹಾಡು ಎಂದರೆ, "ಅದು ಮಂಜನ ಹೆಂಡತಿ ಹತ್ರ ಅದೆ. ನಡುವೆ ಎರಡು ಸಾಲು ನುಂಗ್ತದೆ, ಆದ್ರೂ ಅಡ್ಡಿಲ್ಲ." ಇನ್ನೊಂದು ಹಾಡು ಬಂದಾಗ, "ಅದು ಗೊತ್ತಿದ್ದವಳು ಒಬ್ಳೇ ಇದ್ದಾಳೆ, ಅವಳಿಗೆ ಈಗ ಮರೆವು. ಅದನ್ನ ಈಗ್ಲೇ ತೆಗೀಬೇಕು." ನನಗೆ ಇನ್ನೂ ಅರ್ಥವಾಗಿರಲಿಲ್ಲ. ಪಾಂಡು ಮಾತ್ರ ಕೆಲಸ ನಿಲ್ಲಿಸಿ ಸುಬ್ಬಕ್ಕನನ್ನು ಕಣ್ಣರಳಿಸಿ ನೋಡಿದ.

"ಮಾಸ್ತರ್ರೆ, ಇವ್ರು ಚಂದ ನೋಡ್ತಾ ಇಲ್ಲ. ಯಾವುದು ಎಲ್ಲಿ ಎಷ್ಟು ಗಟ್ಟಿಯಾಗಿ ಉಳಿದದೆ ಅಂತ ನೋಡ್ತಾ ಇದ್ದಾರೆ."

ಹೌದು. ಅಕ್ಷರ ಬಾರದ ಆ ಹೆಂಗಸಿನ ತಲೆಯೊಳಗೆ ಕರ್ಕಿಯಿಂದ ಕುಮಟಾದ ಆಚೆಯವರೆಗಿನ ಅಷ್ಟೂ ಹಾಲಕ್ಕಿ ಕೇರಿಗಳ, ಕೊಪ್ಪಗಳ ಹೆಂಗಸರು ಇದ್ದರು. ಯಾವ ಹಾಡು ಯಾರ ಬಾಯಲ್ಲಿದೆ, ಯಾರ ನೆನಪು ಗಟ್ಟಿ, ಯಾರದು ಸವೆಯುತ್ತಿದೆ, ಯಾರು ತೀರಿಕೊಂಡರು, ಎಲ್ಲವೂ ಇತ್ತು. ಜನರ ಬಾಯಲ್ಲಿ ಉಳಿದದ್ದನ್ನು ಹಿಂದಕ್ಕೆ ಹಾಕಿ, ಎಲ್ಲೂ ಇಲ್ಲದ್ದನ್ನು ಮುಂದಕ್ಕೆ ತರುತ್ತಿದ್ದಳು. ನಾನು ಎರಡು ವರ್ಷ ಅವಳ ಅಂಗಳದಲ್ಲಿ ಟೇಪು ಹಿಡಿದು ಕೂತವನು, ಲೇಖನ ಬರೆದವನು. ಈ ಜ್ಞಾನ ಅವಳಲ್ಲಿದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಂದು ಆ ಪುಟ್ಟ ಕೋಣೆಯಲ್ಲಿ ನನಗೆ ಎದ್ದು ನಿಲ್ಲಬೇಕೆನ್ನಿಸಿತು. ಜಾಗವಿರಲಿಲ್ಲ, ಕೂತೇ ಇದ್ದೆ.

ಒಂದೂವರೆ ಗಂಟೆ ಹೀಗೆ ನಡೆಯಿತು. ಅಂಕಿತಾ ಓದುವುದು, ಅಜ್ಜಿ ಆರಿಸುವುದು, ಪಾಂಡು ತೆಗೆಯುವುದು. ಮೂವತ್ತೊಂದನೆಯ ಹಾಡು ಬಂದು ಮುಗಿಯುತ್ತಿದ್ದ ಹಾಗೆ ಡಿಸ್ಕಿನ ಸದ್ದು ಒರಟಾಯಿತು. ಪಾಂಡು ಕರೆಂಟು ಕೀಳುವಷ್ಟರಲ್ಲಿ ಕರಕಲು ವಾಸನೆ ಎದ್ದಿತು. ಒಳಗೆ ಮೋಟಾರು ಕಚ್ಚಿಕೊಂಡು, ಹದಿನೈದು ಚುಕ್ಕೆಯ ಹಲಗೆಯನ್ನೂ ಜೊತೆಗೇ ಒಯ್ದಿತ್ತು. ಪಾಂಡು ಅದರ ಮೇಲೆ ಅಂಗೈಯಿಟ್ಟು ಒಂದು ಕ್ಷಣ ಕೂತ. "ಆತು," ಎಂದ.

"ಹನ್ನೊಂದು ಹೋದವು," ಎಂದೆ ನಾನು.

ಸುಬ್ಬಕ್ಕ ಹೋಗಿಲ್ಲ ಎಂಬಂತೆ ಕೈಯಾಡಿಸಿ, ಬರೆದುಕೋ ಎಂದು ಅಂಕಿತಾಳಿಗೆ ಸನ್ನೆ ಮಾಡಿದಳು. ಅಂಕಿತಾ ಉಳಿದ ಹಾಡುಗಳ ಮೊದಲ ಸಾಲು ಓದಿದಂತೆ ಅಜ್ಜಿ ಹೆಸರು ಹೇಳುತ್ತ ಹೋದಳು. ಎಣ್ಣೆ ಹಾಡು ಲಕ್ಕಿ, ನೆಟ್ಟಿಯದು ಮಂಜನ ಹೆಂಡತಿ. ಹೀಗೆ ಹತ್ತಕ್ಕೂ ಒಂದೊಂದು ಹೆಸರು ಬಂತು, ಯಾವ ಕೊಪ್ಪ, ಯಾವ ಮನೆ ಎಂಬುದೂ ಬಂತು. ನನ್ನ ಎದೆ ಹಗುರಾಗತೊಡಗಿತು.

ಕೊನೆಯದು, "ಬಿತ್ತಿದ ಬತ್ತಕೆ ಬೆಳ್ಳಕ್ಕಿ ಕಾವಲು" ಎಂದು ಶುರುವಾಗುವ ಹಾಡು. ಸುಬ್ಬಕ್ಕ ಅದನ್ನು ಬೇಕೆಂದೇ ಎಲ್ಲಕ್ಕಿಂತ ಕೊನೆಗೆ ತಳ್ಳಿದ್ದಳು.

"ಇದು ಯಾರ ಹತ್ರ ಅದೆ ಅಜ್ಜಿ?" ಎಂದಳು ಅಂಕಿತಾ, ಪೆನ್ನು ಹಿಡಿದು.

ಸುಬ್ಬಕ್ಕ ಸಲೀಸಾಗಿ ತನ್ನ ಎದೆ ಮುಟ್ಟಿ ತೋರಿಸಿದಳು.

ಊರಿನ ಅಷ್ಟೂ ಹೆಂಗಸರ ಗಂಟಲನ್ನು ತೂಗಿ ನೋಡಿದವಳು ತನ್ನದೊಂದನ್ನು ಮರೆತಿದ್ದಳು. ಎಪ್ಪತ್ತು ವರ್ಷ ಎಲ್ಲಕ್ಕಿಂತ ಗಟ್ಟಿಯಾಗಿದ್ದ ಜಾಗ ಅದು. ಅದು ಹೋಯಿತೆಂಬುದು ಆರು ತಿಂಗಳಲ್ಲಿ ರೂಢಿಯಾಗುವುದು ಹೇಗೆ? ನಮ್ಮ ಮುಖಗಳನ್ನು ನೋಡಿ ಅವಳಿಗೂ ತಿಳಿಯಿತು. ಎದೆಯ ಮೇಲಿದ್ದ ಕೈ ನಿಧಾನವಾಗಿ ಮೇಲೆ ಸರಿದು ಗಾಯದ ಕಲೆಯ ಹತ್ತಿರ ನಿಂತಿತು. ಆ ಮುಖವನ್ನು ನಾನು ಹೆಚ್ಚು ಹೊತ್ತು ನೋಡಲಾರದೆ ಹೋದೆ. ಅಪರಾಧಿ ನಾನಾಗಿದ್ದೆ.

ಆಮೇಲೆ ಅವಳು ಅಂಕಿತಾಳ ಮೊಣಕಾಲನ್ನು ಹಿಡಿದು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ತನ್ನ ತೊಡೆಯ ಮೇಲೆ ಬಲಗೈಯಿಂದ ತಾಳ ಹಾಕತೊಡಗಿದಳು. ಎಡಗೈ ಗಾಳಿಯಲ್ಲಿ ಏರುತ್ತ ಇಳಿಯುತ್ತ ರಾಗ ತೋರಿಸುತ್ತಿತ್ತು. ತುಟಿಯಿಂದ ಬಂದದ್ದು ಬರೀ ಉಸಿರು, ಆದರೆ ಮಾತು ಸ್ಪಷ್ಟವಾಗಿತ್ತು.

ಬಿತ್ತಿದ ಬತ್ತಕೆ ಬೆಳ್ಳಕ್ಕಿ ಕಾವಲು, ಬೆಳ್ಳಕ್ಕಿಗಿನ್ನಾರು ಕಾವಲು.

ಅಂಕಿತಾ ಅಂಜುತ್ತ ಹಾಡಿದಳು. ಮೊಣಕಾಲಿನ ಮೇಲೆ ಒಂದು ಏಟು ಬಿತ್ತು, ತಪ್ಪು. ಮತ್ತೆ ಉಸಿರು, ಮತ್ತೆ ಕೈ ಏರಿತು, ಇನ್ನೂ ಮೇಲೆ ಎಂಬಂತೆ. ಎರಡನೆಯ ಸಲವೂ ಏಟು. ಪವಿತ್ರಾ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಪಾಂಡು ತಿರುಪು ಬಿಚ್ಚುವ ಕಡ್ಡಿಯನ್ನು ಕೈಯಲ್ಲೇ ಹಿಡಿದು, ಡಿಸ್ಕು ತಿರುಗಲು ಕಾದಿದ್ದಾಗಿನ ಹಾಗೆಯೇ ಕಣ್ಣುಮುಚ್ಚಿ ಕೇಳುತ್ತಿದ್ದ. ಮೂರನೆಯ ಸಲ ಏಟು ಮೆಲ್ಲಗಿತ್ತು.

ನಾಲ್ಕನೆಯ ಸಲ ಸುಬ್ಬಕ್ಕ ಹೊಡೆಯಲಿಲ್ಲ.